ಕರೆಂಟಿಲ್ಲದ ಹಳೇ ಕಾಡು ಬಂಗಲೆಯಲ್ಲಿ ಅಪ್ಪನ ಜೊತೆ ಎರಡು ರಾತ್ರಿ: ಏನೇನು ಒಯ್ಯಬೇಕು?

ತುಂಗೆಯ ಮಗಳು (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕಿತ್ತು.

ನಮ್ಮ ಅಪ್ಪ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ಸೇರಿ ಗಾರ್ಡ್ ಆಗಿ ನಿವೃತ್ತರಾದವರು. ಈಗ 74 ವರ್ಷ. ಹೊಸನಗರದ ಕಡೆ ಕಾಡಿನೊಳಗೆ ಒಂದು ಹಳೇ ಬಂಗಲೆ ಇದೆ. ಬ್ರಿಟಿಷರ ಕಾಲದ್ದು ಎನ್ನುತ್ತಾರೆ. ಅಪ್ಪ ಅದರ ಸುತ್ತಮುತ್ತಲೇ ಹನ್ನೊಂದು ವರ್ಷ ಕೆಲಸ ಮಾಡಿದ್ದಾರೆ. ಆ ಬಂಗಲೆಯ ಕಥೆ ಕೇಳಿಕೊಂಡೇ ನಾನು ಬೆಳೆದೆ. ಕಣ್ಣಾರೆ ಒಮ್ಮೆಯೂ ನೋಡಿಲ್ಲ.

ಎರಡು ತಿಂಗಳ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ, "ಒಂದ್ಸಲ ಬಂಗಲೆ ನೋಡ್ಬೇಕು ಕಣೇ" ಎಂದರು. ಅಷ್ಟೇ ಹೇಳಿದ್ದು. ಇದು ಬೇಕು, ಅದು ಬೇಕು ಎಂದು ಕೇಳುವ ಮನುಷ್ಯರೇ ಅಲ್ಲ ಅವರು. ಅದಕ್ಕೇ ನನಗೆ ಸುಮ್ಮನಿರಲು ಆಗಲಿಲ್ಲ. ಅರ್ಜಿ ಕೊಟ್ಟು, ನಾಲ್ಕು ಸಲ ಓಡಾಡಿದ ಮೇಲೆ ಡಿಸೆಂಬರ್ ಎರಡನೇ ವಾರದಲ್ಲಿ ಎರಡು ರಾತ್ರಿಗೆ ಅನುಮತಿ ಸಿಕ್ಕಿದೆ.

ಅಲ್ಲಿ ಕರೆಂಟಿಲ್ಲ. ನಲ್ಲಿ ಇಲ್ಲ, ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು. ಫೋನ್ ಸಿಗುವುದಿಲ್ಲ. ಕೊನೆಯ ಆರು ಕಿಲೋಮೀಟರ್ ಜೀಪಿನ ದಾರಿ. ಬಂಗಲೆ ನೋಡಿಕೊಳ್ಳುವ ಮೇಟಿ ಒಬ್ಬರು ಇದ್ದಾರೆ, ಸಾಮಾನು ಒಯ್ದರೆ ಅಡುಗೆ ಮಾಡಿಕೊಡುತ್ತಾರಂತೆ. ಹೋಗುವವರು ಅಪ್ಪ, ನಾನು ಮತ್ತು ಹತ್ತು ವರ್ಷದ ನನ್ನ ಮಗ.

ವಯಸ್ಸಾದವರನ್ನು ಇಂಥ ಕಡೆ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ದೀಪ, ನೀರು, ಚಳಿ, ಶೌಚ, ಇದಕ್ಕೆಲ್ಲ ಹೇಗೆ ಅಣಿಯಾಗಬೇಕು? ಚಿಕ್ಕ ವಿಷಯವಾದರೂ ಪರವಾಗಿಲ್ಲ, ಹೇಳಿ.

ಕಾಡುದಾರಿ (ಬೆಂಗಳೂರು, ಊರು ಕೊಪ್ಪ)

ಅಕ್ಕ, ಮೊದಲು ಒಂದು ಮಾತು. ಅನುಮತಿ ಪತ್ರದ ಎರಡು ಜೆರಾಕ್ಸ್ ಕೈಯಲ್ಲಿರಲಿ. ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ. ನಾವು ಐದು ಜನ ಒಮ್ಮೆ ಇಂಥದ್ದೇ ಬಂಗಲೆಗೆ ಒಬ್ಬ ಏಜೆಂಟರ ಮೂಲಕ ದುಡ್ಡು ಕಟ್ಟಿ ಹೋಗಿದ್ದೆವು. ಗೇಟಿನಲ್ಲಿ ನಮ್ಮ ಹೆಸರೇ ಇರಲಿಲ್ಲ. ಕತ್ತಲಾಗುತ್ತಿತ್ತು, ಸಿಗ್ನಲ್ ಇರಲಿಲ್ಲ, ಏಜೆಂಟರಿಗೆ ಕರೆ ಮಾಡುವ ಹಾಗೂ ಇರಲಿಲ್ಲ. ಗೇಟಿನವರು ಬಿಡಲಿಲ್ಲ, ಅವರು ಮಾಡಿದ್ದು ಸರಿಯೇ. ನಲವತ್ತು ಕಿಲೋಮೀಟರ್ ವಾಪಸ್ ಬಂದು ಲಾಡ್ಜ್ ಹುಡುಕಿದೆವು. ಹಾಗಾಗಿ ಮಧ್ಯಾಹ್ನ ಮೂರರೊಳಗೆ ಗೇಟು ದಾಟಿ. ಬೆಳಕಿದ್ದಾಗಲೇ ಬಚ್ಚಲು ಎಲ್ಲಿ, ನೀರು ಎಲ್ಲಿ, ಮೆಟ್ಟಿಲು ಎಷ್ಟು ಎಂದು ಅಪ್ಪನವರಿಗೆ ಒಂದು ಸುತ್ತು ತೋರಿಸಿ. ಕತ್ತಲಾದ ಮೇಲೆ ಹೊಸ ಜಾಗದಲ್ಲಿ ಹಿರಿಯರು ಬೀಳುವುದೇ ದೊಡ್ಡ ಭಯ. ಹಾವು, ಕಾಟಿ (ಕಾಡುಕೋಣ) ಎಲ್ಲ ಆಮೇಲಿನ ಮಾತು.

ದೀಪದ ವಿಚಾರ. ಹಣೆಗೆ ಕಟ್ಟುವ ಟಾರ್ಚ್ ತಲೆಗೊಂದು ಬೇಕು. ಕೈ ಎರಡೂ ಖಾಲಿ ಇರುತ್ತದೆ, ಅಪ್ಪನವರಿಗೆ ಗೋಡೆ ಹಿಡಿದುಕೊಳ್ಳಲು ಆಗುತ್ತದೆ. ಒಂದು ಲಾಟೀನು ಬಚ್ಚಲಿನ ದಾರಿಯಲ್ಲಿ ರಾತ್ರಿ ಪೂರ್ತಿ ಸಣ್ಣಗೆ ಉರಿಯುತ್ತಿರಲಿ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಅಲ್ಲಿ ಇದೆಯಾ ಎಂದು ಮೊದಲೇ ವಿಚಾರಿಸಿ.

ಕೊಡಚಾದ್ರಿಗೆ ಹೋದಾಗ ನಾನು ಮೇಲೆ ಭಟ್ಟರ ಮನೆಯಲ್ಲಿ ಮಲಗಿದ್ದೆ. 1,343 ಮೀಟರ್ ಎತ್ತರ ಎಂದರೆ ಜಾಸ್ತಿ ಅನಿಸುವುದಿಲ್ಲ. ಆದರೆ ಅಲ್ಲಿಯ ಗಾಳಿ ಹೆಂಚಿನ ಸಂದಿಯಿಂದ ಇಳಿದು ಎಲುಬು ಹೊಕ್ಕುತ್ತದೆ. ಎರಡು ಕಂಬಳಿ ಸಾಕಾಗಲಿಲ್ಲ. ನಿಮ್ಮ ಬಂಗಲೆ ಅಷ್ಟು ಎತ್ತರದಲ್ಲಿ ಇರಲಿಕ್ಕಿಲ್ಲ. ಆದರೂ ಮಂಕಿಕ್ಯಾಪ್, ಉಣ್ಣೆಯ ಕಾಲುಚೀಲ ಬೇಕೇ ಬೇಕು.

ಸೊರಬದ ಸಿಸ್ಟರ್

ಅಕ್ಕ, ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವಳು. ಯಾರೂ ಮಂಗನ ಕಾಯಿಲೆಯ ಮಾತೇ ಎತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಹೋಗುತ್ತಿರುವುದು ಡಿಸೆಂಬರಿನಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಈ ಕಾಯಿಲೆ ಶುರುವಾಗುತ್ತದೆ, ಮೇ ತಿಂಗಳವರೆಗೂ ಇರುತ್ತದೆ.

ಈ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಆಮೇಲೆ ಜನರಿಗೆ ಜ್ವರ ಬಂತು. ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣಿ ಹುಳ. ಚಳಿಗಾಲ ಬಂದ ಮೇಲೆ ಮರಿ ಉಣುಗುಗಳು ದರಗಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ತುಂಬಿರುತ್ತವೆ. ಸಾಸಿವೆ ಕಾಳಿಗಿಂತ ಚಿಕ್ಕವು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಏನು ಮಾಡಬೇಕು ಎಂದರೆ: ಮಗನನ್ನು ದರಗಿನ ಮೇಲೆ ಕೂರಲು, ಉರುಳಾಡಲು ಬಿಡಬೇಡಿ. ಬಂಗಲೆಯ ಹತ್ತಿರ ಹಂಡೆ ಒಲೆಗೆ ದರಗು ಗುಡ್ಡೆ ಹಾಕಿರುತ್ತಾರೆ, ಮಕ್ಕಳಿಗೆ ಅದೇ ಆಟದ ಜಾಗ. ತುಂಬು ತೋಳಿನ ಅಂಗಿ ಇರಲಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಬಟ್ಟೆ ತಿಳಿಬಣ್ಣದ್ದಾದರೆ ಉಣುಗು ಹತ್ತಿದ್ದು ಕಾಣುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೊರಗೆ ಹೋಗಿ. ಸಂಜೆ ಬಿಸಿನೀರು, ಸೋಪು ಹಾಕಿ ತಿಕ್ಕಿ ಸ್ನಾನ. ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಹಾಕಿದ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೋ ಆರೋಗ್ಯದವರಿಗೋ ಹೇಳಿ.

ಬಂದ ಮೇಲೆ ಎರಡು ವಾರದೊಳಗೆ ದಿಢೀರ್ ಜ್ವರ, ತಲೆನೋವು, ಸೊಂಟನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ "ಕಾಡಿಗೆ ಹೋಗಿದ್ದೆವು" ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಹೇಳದೆ ನಾಲ್ಕು ದಿನ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಇದಕ್ಕೆಂದೇ ಔಷಧ ಇಲ್ಲ. ಆದರೆ ಬೇಗ ಬಂದರೆ ನೋಡಿಕೊಳ್ಳುವುದು ಸುಲಭ. ಮೊದಲು ಕೊಡುತ್ತಿದ್ದ ಹಳೇ ಲಸಿಕೆಯನ್ನೂ ನಿಲ್ಲಿಸಿದ್ದಾರೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆ ಹೆದರಿಕೆ ಬೇಡ.

ಇನ್ನೊಂದು. ಅಪ್ಪನ ಕಣ್ಣು ಆಪರೇಷನ್ ಆಗಿದೆ. ಒಲೆಯ ಹೊಗೆಗೆ ಕೂರಬಹುದಾ ಎಂದು ಕಣ್ಣಿನ ಡಾಕ್ಟರನ್ನು ಕೇಳಿ. ಕಣ್ಣಿನ ಡ್ರಾಪ್ಸ್ ಮರೆಯಬೇಡಿ.

ತುಂಗೆಯ ಮಗಳು

ಸಿಸ್ಟರ್, ತುಂಬಾ ಉಪಕಾರವಾಯಿತು. ಮಂಗನ ಕಾಯಿಲೆ ಎಂದರೆ ಅಪ್ಪ, "ನಾವು ಅಲ್ಲೇ ಇದ್ವಲ್ಲ, ಏನಾಯ್ತು" ಎನ್ನುತ್ತಾರೆ. ನಿಮ್ಮ ಬರಹವನ್ನೇ ಓದಿ ಹೇಳಿದೆ. "ಸೊರಬದೋರು ಹೇಳ್ತಾರೆ ಅಂದ್ರೆ ಕೇಳ್ಬೇಕು" ಎಂದರು. ಡೆಪಾ ಎಣ್ಣೆ ತಂದಿಟ್ಟಿದ್ದೇನೆ.

ಹೊಸನಗರದ ಮೇಷ್ಟ್ರು

ತಾಯಿ, ನಿಮ್ಮ ತಂದೆಯವರ ಆಸೆ ಓದಿ ಮನಸ್ಸು ತುಂಬಿತು. ಈ ಬಂಗಲೆಗಳು ಯಾಕೆ ಅಲ್ಲೆಲ್ಲ ಇವೆ ಎಂದು ಮೊಮ್ಮಗನಿಗೆ ಗೊತ್ತಾಗಲಿ ಎಂದು ನಾಲ್ಕು ಮಾತು ಬರೆಯುತ್ತೇನೆ.

"ಬ್ರಿಟಿಷರ ಕಾಲದ್ದು" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ನಮ್ಮದು ಮೈಸೂರು ಸೀಮೆ. 1831ರಿಂದ 1881ರವರೆಗೆ ಇಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತ ಇತ್ತು, ಆಮೇಲೆ ಮತ್ತೆ ಒಡೆಯರಿಗೆ ಬಂತು. ಮೈಸೂರಿನ ಅರಣ್ಯ ಇಲಾಖೆ ಶುರುವಾಗಿದ್ದು 1864ರಲ್ಲಿ. ಹಾಗಾಗಿ ಕೆಲವು ಬಂಗಲೆ ಕಮಿಷನರ್ ಕಾಲದವು, ಬಹಳಷ್ಟು ಮಹಾರಾಜರ ಕಾಲದವು. ಕಟ್ಟಿದವರು, ಕಲ್ಲು ಹೊತ್ತವರು, ನಾಟಾ ಎಳೆದವರು ಮಾತ್ರ ಎರಡೂ ಕಾಲದಲ್ಲಿ ನಮ್ಮವರೇ.

ಸಾಹೇಬರು ಕುದುರೆಯ ಮೇಲೆ ಕಾಡು ಸುತ್ತುತ್ತಿದ್ದರು. ಒಂದು ದಿನದ ದಾರಿಗೆ ಒಂದು ಬಂಗಲೆ ಬೇಕಾಗುತ್ತಿತ್ತು. ಕೂಪು (ಮರ ಕಡಿಯಲು ಗೊತ್ತುಮಾಡಿದ ಕಾಡಿನ ಭಾಗ) ಅಳೆಯುವುದು, ಮರಕ್ಕೆ ಗುರುತು ಹಾಕುವುದು, ಕಡಿದ ನಾಟಾ ಲೆಕ್ಕ ನೋಡುವುದು ಅವರ ಕೆಲಸ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅದಕ್ಕೆ ಬೇಕಾದ ಇದ್ದಿಲಿಗೆ ಹೋಗಿದ್ದು ಈ ಸೀಮೆಯ ಕಾಡಿನ ಸೌದೆ. ಆ ಕಾಲದಲ್ಲಿ ಈ ಬಂಗಲೆಗಳಿಗೆ ಬಿಡುವೇ ಇರಲಿಲ್ಲ. ಬಂಗಲೆ ನೋಡಿ "ಎಷ್ಟು ಶಾಂತ" ಅನಿಸುತ್ತದೆ. ಒಂದು ಕಾಲಕ್ಕೆ ಅದರ ಅಂಗಳದಲ್ಲಿ ಗಾಡಿ, ಎತ್ತು, ಕೊಡಲಿಯವರು, ಲೆಕ್ಕದವರು ಗಿಜಿಗುಟ್ಟುತ್ತಿದ್ದರು.

ಅಡುಗೆಮನೆ ಬೇರೆ ಇರುತ್ತದೆ, ನೋಡಿ. ಬೆಂಕಿಯ ಭಯಕ್ಕೆ, ಹೊಗೆ ಸಾಹೇಬರಿಗೆ ತಾಗದಿರಲಿ ಎಂದು ಹಿಂದೆ ಕಟ್ಟಿರುತ್ತಾರೆ. ಅಲ್ಲಿಂದ ಬಂಗಲೆಗೆ ಒಂದು ಮಾಡಿನ ದಾರಿ. ಮಳೆಗಾಲದಲ್ಲಿ ಆ ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಸಾರು ತಣ್ಣಗಾಗುತ್ತಿತ್ತು ಎಂದು ನಮ್ಮೂರಿನ ಹಳೆಯ ಮೇಟಿ ಒಬ್ಬರು ಹೇಳುತ್ತಿದ್ದರು.

ಹೆಂಚಿನ ಮನೆ (ತೀರ್ಥಹಳ್ಳಿ)

ನಾನು ಹಳೇ ಮನೆಗಳ ರಿಪೇರಿ ಕೆಲಸ ಮಾಡಿಸುವವನು. ಮೇಷ್ಟ್ರು ಹೊಗೆಯ ಮಾತು ಎತ್ತಿದರು, ಅದಕ್ಕೆ ಸೇರಿಸುತ್ತೇನೆ.

ಆ ಹೊಗೆಯೇ ಮನೆಯನ್ನು ಕಾಯುವುದು. ದಿನಾ ಒಲೆ ಉರಿದರೆ ಮಾಡಿನ ಮರ ಒಣಗಿರುತ್ತದೆ, ಹುಳ ಹಿಡಿಯುವುದಿಲ್ಲ. ಒಲೆ ಆರಿಸಿ ಬೀಗ ಹಾಕಿ ಹೋದ ಮನೆ ಮೂರು ಮಳೆಗಾಲ ತಡೆಯುವುದಿಲ್ಲ. ಮೊದಲು ಒಂದು ಹೆಂಚು ಜಾರುತ್ತದೆ. ಅಲ್ಲಿಂದ ನೀರು ಪಕಾಸಿಗೆ, ಪಕಾಸಿನಿಂದ ತೊಲೆಗೆ, ತೊಲೆಯಿಂದ ಗೋಡೆಗೆ. ಗೆದ್ದಲು ಹಿಂದೆಯೇ ಬರುತ್ತದೆ. ನೂರು ವರ್ಷ ನಿಂತ ಮನೆ ಒಂದು ಹೆಂಚಿನಿಂದ ಬಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಅಲ್ಲಿ ಒಬ್ಬ ಮೇಟಿ ಇದ್ದಾರೆ, ದಿನಾ ಒಲೆ ಹಚ್ಚುತ್ತಾರೆ, ಗುಡಿಸುತ್ತಾರೆ ಎಂದರೆ ಆ ಬಂಗಲೆ ನಿಂತಿರುವುದು ಅವರಿಂದಲೇ.

ಮಗನಿಗೆ ಒಂದು ಕೆಲಸ ಕೊಡಿ. ಅಂಗಳದ ಮೂಲೆಯಲ್ಲಿ ಒಡೆದ ಹೆಂಚು ರಾಶಿ ಬಿದ್ದಿರುತ್ತದೆ. ಅದನ್ನು ಮಗುಚಿ ಕಾರ್ಖಾನೆಯ ಹೆಸರು ಓದಲಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಆಮೇಲೆ ಬೇರೆಯವರೂ ಸಾಲಾಗಿ ಶುರುಮಾಡಿದರು. ಒಬ್ಬೊಬ್ಬರ ಹೆಂಚಿನ ಮೇಲೂ ಹೆಸರು ಒತ್ತಿರುತ್ತದೆ. ಘಟ್ಟ ಹತ್ತಿ ಗಾಡಿಯಲ್ಲಿ ಬಂದ ಹೆಂಚು ಅವು. ಹಳೇ ಗಾರೆ ಗೋಡೆಯನ್ನು ಮುಟ್ಟಿ ನೋಡಲಿ. ಸುಣ್ಣದ ಗಾರೆ ಒದ್ದೆಯಾದರೂ ಮತ್ತೆ ಒಣಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ನೀರಿಗೆ ಹೊರಬರಲು ದಾರಿ ಇಲ್ಲ, ಗೋಡೆ ಒಳಗೇ ಕೊಳೆಯುತ್ತದೆ. ಹಲವು ಬಂಗಲೆಗಳನ್ನು "ರಿಪೇರಿ" ಮಾಡಿ ಕೆಡಿಸಿದ್ದು ಹೀಗೇ, ಬಹಳ ಬೇಜಾರಾಗುತ್ತದೆ.

ಈಗ ತುಂಬಾ ಮುಖ್ಯವಾದದ್ದು. ಚಳಿ ಎಂದು ರಾತ್ರಿ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗಬೇಡಿ. ಇದ್ದಿಲು ಹೊಗೆಯಾಡದೆ ಉರಿಯುವಾಗಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ಮಲಗಿದವರು ಏಳುವುದೇ ಇಲ್ಲ. ಗೋಡೆಯಲ್ಲಿ ಬೆಂಕಿಗೂಡು ಇದ್ದರೂ ಅದರ ಹೊಗೆಗೊಳವೆ ತೆರೆದಿದೆಯಾ ಎಂದು ಮೇಟಿಯವರನ್ನು ಕೇಳದೆ ಬೆಂಕಿ ಹಾಕಬೇಡಿ. ಜೇನು, ಹಕ್ಕಿಗೂಡು ಕಟ್ಟಿ ಎಷ್ಟೋ ಕಡೆ ಮುಚ್ಚಿಹೋಗಿರುತ್ತವೆ. ಬೆಚ್ಚಗಿರಬೇಕಾದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಕಾಲಬುಡದಲ್ಲಿ ಇಟ್ಟುಕೊಳ್ಳಿ.

ಮಲೆನಾಡ ಅಡುಗೆ (ಸಾಗರ)

ಊಟದ ವಿಚಾರ ನನಗೆ ಬಿಡಿ! ಫ್ರಿಜ್ ಇಲ್ಲದ ಕಡೆ ಕೆಡದ ಸಾಮಾನು ಒಯ್ಯಿರಿ. ಅಕ್ಕಿ, ಅಕ್ಕಿಹಿಟ್ಟು, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಸೌತೆಕಾಯಿ, ಕುಂಬಳಕಾಯಿ, ಬಾಳೆಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ. ಹಾಲು ಮೊದಲ ದಿನಕ್ಕೆ ಮಾತ್ರ, ಆಮೇಲೆ ಕಷಾಯ. ಕಷಾಯದ ಪುಡಿ ಮನೆಯಲ್ಲೇ ಹುರಿದು ಕುಟ್ಟಿಕೊಳ್ಳಿ: ಕೊತ್ತಂಬರಿ, ಜೀರಿಗೆ, ಮೆಣಸು, ಸ್ವಲ್ಪ ಮೆಂತೆ. ಸಂಜೆ ಅಪ್ಪನವರಿಗೆ ಬೆಲ್ಲ ಹಾಕಿ ಬಿಸಿಬಿಸಿ ಕೊಡಿ.

ರಾತ್ರಿ ಊಟ ಏಳಕ್ಕೇ ಮುಗಿಸಿ. ಮೇಟಿಯವರಿಗೂ ಬೇಗ ಮಲಗಲು ಆಗುತ್ತದೆ. ಅವರ ಮನೆಯವರಿಗೂ ಸೇರಿಸಿಯೇ ಸಾಮಾನು ಒಯ್ಯಿರಿ, ಅಳೆದು ತೂಗಿ ಬೇಡ. ಅಬ್ಬಿ ನೀರು ನೋಡಲು ತಿಳಿಯಾಗಿರುತ್ತದೆ. ಆದರೂ ಕುದಿಸಿಯೇ ಕುಡಿಯಿರಿ, ಮಗು ಇದೆ, ಹಿರಿಯರಿದ್ದಾರೆ. ಪ್ಲಾಸ್ಟಿಕ್ ಕವರ್ ಎಷ್ಟು ಒಯ್ದಿರೋ ಅಷ್ಟನ್ನೂ ವಾಪಸ್ ತನ್ನಿ. ಅಡುಗೆಮನೆಯ ಹಿಂದೆ ಬಿಸಾಡಿದ ಕವರನ್ನು ಕಡವೆ, ಕಾಟಿ ತಿನ್ನುತ್ತವೆ.

ಶೆಟ್ಟಿಹಳ್ಳಿ ಕಡೆಯವನು

ಎಲ್ಲರದೂ ಓದಿದೆ. ಒಳ್ಳೆಯ ಸಲಹೆಗಳು. ಆದರೆ ಒಂದು ಮಾತು ಹೇಳದೆ ಇರಲು ಆಗುತ್ತಿಲ್ಲ, ತಪ್ಪು ತಿಳಿಯಬೇಡಿ.

ನಮ್ಮ ಹಿರಿಯರು ಶರಾವತಿ ಕಣಿವೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಮ್ಮ ಮನೆ, ಗದ್ದೆ, ತೋಟ ನೀರಿನಡಿಗೆ ಹೋಯಿತು. ಲಾರಿಯಲ್ಲಿ ತಂದು ಈ ಕಡೆ ಕಾಡಿನಲ್ಲಿ ಇಳಿಸಿದರು. 1974ರಲ್ಲಿ ಇದೇ ಕಾಡು ಶೆಟ್ಟಿಹಳ್ಳಿ ಅಭಯಾರಣ್ಯ ಆಯಿತು. ಆಮೇಲೆ ರಸ್ತೆಗೂ ಅನುಮತಿ, ಕಂಬಕ್ಕೂ ಅನುಮತಿ. ನಮ್ಮ ನೀರಿನಿಂದ ತೆಗೆದ ಕರೆಂಟು ರಾಜ್ಯವೆಲ್ಲ ಬೆಳಗಿತು. ನಾನು ಎಸ್ಸೆಸ್ಸೆಲ್ಸಿ ಓದಿದ್ದು ಬುಡ್ಡಿ ದೀಪದಲ್ಲಿ. ನನ್ನ ಮಗಳು ಓದುತ್ತಿರುವುದು ಸೋಲಾರ್ ದೀಪದಲ್ಲಿ, ಮಳೆಗಾಲದಲ್ಲಿ ಅದೂ ಎರಡು ತಾಸು.

ಹಾಗಾಗಿ "ಕರೆಂಟಿಲ್ಲದ ಅನುಭವ" ಎಂದು ಯಾರಾದರೂ ಖುಷಿಯಿಂದ ಬರೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡು ರಾತ್ರಿ ಕತ್ತಲು ಚೆಂದ. ಹೆರಿಗೆ ನೋವು ಬಂದ ರಾತ್ರಿ ಕತ್ತಲು ಚೆಂದ ಅಲ್ಲ.

ಅಕ್ಕ, ನಿಮಗೆ ಹೇಳಿದ್ದಲ್ಲ ಇದು. ನಿಮ್ಮ ತಂದೆ ಆ ಕತ್ತಲಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರು. ಅವರಿಗೆ ನನ್ನ ನಮಸ್ಕಾರ ಹೇಳಿ.

ತುಂಗೆಯ ಮಗಳು

ಅಣ್ಣ, ನೀವು ಬರೆದಿದ್ದು ಒಳ್ಳೆಯದಾಯಿತು. ನಾನು ಹುಟ್ಟಿದ್ದು ಇಲಾಖೆಯ ಕ್ವಾರ್ಟರ್ಸಿನಲ್ಲಿ, ಅಲ್ಲೂ ಕರೆಂಟಿರಲಿಲ್ಲ. ಅಮ್ಮ ಆ ದಿನಗಳ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡುತ್ತಿರಲಿಲ್ಲ. ಅಪ್ಪ ಮಾತ್ರ ಆಡುತ್ತಾರೆ. ಇಬ್ಬರೂ ಹೇಳುವುದು ನಿಜವೇ ಅಂತ ನನಗೆ ಅನಿಸುತ್ತದೆ. ಅಪ್ಪನಿಗೆ ನಿಮ್ಮ ನಮಸ್ಕಾರ ಮುಟ್ಟಿಸಿದೆ. "ಅಲ್ಲೀ ಜನ ನಮ್ಗೆ ಎಷ್ಟೋ ಸಲ ಊಟ ಹಾಕಿದಾರೆ" ಎಂದರು.

ನಿಮ್ಮಿಂದಲೂ ಸಲಹೆ ಬೇಕು. ಇಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವುದು ನಿಮಗೇ ಅಲ್ವಾ?

ಶೆಟ್ಟಿಹಳ್ಳಿ ಕಡೆಯವನು

ಹೇಳುತ್ತೇನೆ ಅಕ್ಕ. ಬೆಂಕಿಪೊಟ್ಟಣವನ್ನು ಅಕ್ಕಿ ಡಬ್ಬಿಯೊಳಗೆ ಇಡಿ, ಥಂಡಿ ಹಿಡಿಯುವುದಿಲ್ಲ. ಲಾಟೀನಿನ ಬತ್ತಿಯ ಕರಕನ್ನು ದಿನಾ ಸಂಜೆ ನೇರವಾಗಿ ಕತ್ತರಿಸಿ. ಸೊಟ್ಟ ಇದ್ದರೆ ಒಂದೇ ಕಡೆ ಉರಿದು ಗಾಜು ಕಪ್ಪಾಗುತ್ತದೆ, ಒಡೆಯಲೂಬಹುದು. ಗಾಜನ್ನು ಒಣ ಬೂದಿಯಿಂದ, ಆಮೇಲೆ ಪೇಪರಿನಿಂದ ಒರೆಸಿ. ರಾತ್ರಿ ಕುಡಿಯುವ ನೀರು, ಟಾರ್ಚು, ಚಪ್ಪಲಿ ಮೂರನ್ನೂ ದಿನಾ ಒಂದೇ ಜಾಗದಲ್ಲಿ ಇಡಿ, ಕಣ್ಣು ಮುಚ್ಚಿ ಕೈಹಾಕಿದರೂ ಸಿಗಬೇಕು. ಚಪ್ಪಲಿ ಹಾಕುವ ಮೊದಲು ಕೊಡವಿ. ಸೌದೆ ರಾಶಿಗೆ ಬರಿಗೈ ಹಾಕಲು ಹುಡುಗನನ್ನು ಬಿಡಬೇಡಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಏನೂ ಮಾಡಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆ. ಜೀಪನ್ನು ವಾಪಸ್ ಕಳಿಸಬೇಡಿ, ಎರಡೂ ರಾತ್ರಿ ಅಲ್ಲೇ ನಿಲ್ಲಲಿ. ದುಡ್ಡು ಜಾಸ್ತಿ ಆದರೂ ಆಗಲಿ. ನಮ್ಮ ಊರಿನಲ್ಲಿ ಜೀವ ಉಳಿದಿದ್ದು, ಹೋಗಿದ್ದು ಎಲ್ಲ ಜೀಪ್ ಇತ್ತಾ ಇಲ್ಲವಾ ಎಂಬುದರ ಮೇಲೆ.

ಕಾಡುದಾರಿ

ಅಣ್ಣ ಹೇಳಿದ ಜೀಪಿನ ಮಾತಿಗೆ ಕೈ ಮುಗಿಯುತ್ತೇನೆ. ಅದು ನನಗೆ ಹೊಳೆದಿರಲೇ ಇಲ್ಲ.

ಒಂದು ಪ್ರಶ್ನೆ. ಇಂಥ ಬಂಗಲೆಗಳಿಗೆ ಸೋಲಾರ್ ಹಾಕಿಸಬಾರದಾ? ನಾವು ಕೆಲವರು ಸೇರಿ ದುಡ್ಡು ಕೂಡಿಸಬಹುದು.

ಹೆಂಚಿನ ಮನೆ

ಬಂಗಲೆಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಮಾಡಿನ ಮೇಲೆ ಪ್ಯಾನೆಲ್ ಕೂರಿಸಲು ಹೆಂಚು ತೆಗೆಯುತ್ತಾರೆ, ಗಾರೆ ಗೋಡೆಗೆ ಮೊಳೆ ಹೊಡೆಯುತ್ತಾರೆ. ಬೆಳಕು ಬಂದ ಮೇಲೆ ಫ್ರಿಜ್ ಬೇಕು, ಪಂಪ್ ಬೇಕು, ಕೊನೆಗೆ ಜನರೇಟರ್ ಬರುತ್ತದೆ. ಆದರೆ ಮೇಟಿಯವರ ಮನೆಗೆ ಮೊದಲು ಹಾಕಿಸಬೇಕು. ಅವರು ಅಲ್ಲಿ ವರ್ಷವಿಡೀ ಇರುವವರು. ಪ್ಯಾನೆಲ್ಲನ್ನು ಅಂಗಳದಲ್ಲಿ ಕಂಬ ನೆಟ್ಟು ಕೂರಿಸಿದರೆ ಕಟ್ಟಡಕ್ಕೂ ತೊಂದರೆ ಇಲ್ಲ. ಇಲಾಖೆಯ ಒಪ್ಪಿಗೆ ಪಡೆದೇ ಮಾಡಬೇಕು.

ಹೊಸನಗರದ ಮೇಷ್ಟ್ರು

ಬಂಗಲೆಯಲ್ಲೂ ಬಚ್ಚಲಿಗೆ, ಮೆಟ್ಟಿಲಿಗೆ ಒಂದೊಂದು ಚಿಕ್ಕ ದೀಪ ಇದ್ದರೆ ಏನೂ ಕೆಡುವುದಿಲ್ಲ ಎಂದು ನನಗೆ ಅನಿಸುತ್ತದೆ. 74 ವರ್ಷದವರು ಬರುತ್ತಿದ್ದಾರೆ. ನನಗೂ 70 ದಾಟಿತು. ಜಗಲಿಯನ್ನು ಮಾತ್ರ ಕತ್ತಲೆಗೇ ಬಿಡಿ. ಡಿಸೆಂಬರ್ 13, 14ರ ಸುಮಾರಿಗೆ ಜೆಮಿನಿಡ್ ಉಲ್ಕೆಗಳು ಬೀಳುತ್ತವೆ. ರಾತ್ರಿ ಹತ್ತರ ಮೇಲೆ ಆಕಾಶ ತಿಳಿಯಾಗಿದ್ದರೆ ಹುಡುಗನನ್ನು ಕಂಬಳಿ ಹೊದಿಸಿ ಜಗಲಿಯಲ್ಲಿ ಕೂರಿಸಿ. ಕೃತ್ತಿಕೆ, ರೋಹಿಣಿ, ಮಹಾವ್ಯಾಧ ಎಲ್ಲ ಆಗ ನೆತ್ತಿಯ ಹತ್ತಿರ ಇರುತ್ತವೆ. ಊರಿನ ಬೆಳಕಿನಲ್ಲಿ ಅವನು ಅದನ್ನು ನೋಡಿರಲಾರ.

ತುಂಗೆಯ ಮಗಳು

ನಾಳೆ ಬೆಳಿಗ್ಗೆ ಹೊರಡುತ್ತೇವೆ. ಜೀಪ್ ಎರಡು ರಾತ್ರಿಗೂ ನಿಲ್ಲುತ್ತದೆ. ಕಣ್ಣಿನ ಡಾಕ್ಟರ್ ಹೋಗಬಹುದು, ಹೊಗೆಯ ಹತ್ತಿರ ಕನ್ನಡಕ ಹಾಕಲಿ ಎಂದಿದ್ದಾರೆ. ಎಲ್ಲರಿಗೂ ನಮಸ್ಕಾರ.

ತುಂಗೆಯ ಮಗಳು (ಮೂರು ವಾರದ ನಂತರ)

ಹೋಗಿ ಬಂದೆವು. ಎಲ್ಲರೂ ಆರಾಮ. ಸಿಸ್ಟರ್, ಎರಡು ವಾರ ದಾಟಿತು, ಯಾರಿಗೂ ಜ್ವರ ಇಲ್ಲ. ಮಗನ ಪ್ಯಾಂಟಿನ ಮೇಲೆ ಎರಡು ಉಣುಗು ಸಿಕ್ಕವು, ತಿಳಿಬಣ್ಣ ಆಗಿದ್ದಕ್ಕೆ ಕಂಡವು.

ಅಪ್ಪ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ಬಂಗಲೆ ಕಂಡಾಗ ಜೀಪು ನಿಲ್ಲಿಸಲು ಹೇಳಿ ಇಳಿದು ನಡೆದೇ ಬಂದರು. ನಾವು ಮುಂಬಾಗಿಲಿಗೆ ಹೋದೆವು. ಅವರು ಸುತ್ತಿಕೊಂಡು ಹಿಂದಿನಿಂದ ಅಡುಗೆಮನೆಗೆ ಹೋದರು. ಈಗಿನ ಮೇಟಿ ಅಪ್ಪನ ಕಾಲದ ಮೇಟಿಯ ಮಗ. ಅಪ್ಪನ ಧ್ವನಿ ಕೇಳಿಯೇ ಗುರುತು ಹಿಡಿದರು. ಇಬ್ಬರೂ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಒಲೆಯ ಮುಂದೆ ನಿಂತಿದ್ದರು.

ರಾತ್ರಿ ದೊಡ್ಡ ಕೋಣೆಯಲ್ಲಿ ಅಪ್ಪನಿಗೆ ಹಾಸಿಗೆ ಹಾಸಿದೆ. ಹಳೆಯ ಮಂಚ, ದಪ್ಪ ಗೋಡೆ, ಎತ್ತರದ ಮಾಡು. ಅಪ್ಪ ಬಾಗಿಲಲ್ಲೇ ನಿಂತರು. ಆಗಲೇ ನನಗೆ ಗೊತ್ತಾಗಿದ್ದು. ಹನ್ನೊಂದು ವರ್ಷದಲ್ಲಿ ಅಪ್ಪ ಆ ಕೋಣೆಯಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. ಸಾಹೇಬರು ಬಂದಾಗ ಲಾಟೀನು ಹಿಡಿದು ಬಾಗಿಲವರೆಗೆ ಬರುತ್ತಿದ್ದರು. ಸಾಹೇಬರಿಲ್ಲದಾಗ ಬೀಗ. ಅವರು ಮಲಗುತ್ತಿದ್ದುದು ಅಡುಗೆಮನೆಯಲ್ಲಿ, ಇಲ್ಲವೇ ಹಿಂದಿನ ಜಗಲಿಯಲ್ಲಿ. ಅವರು ಹೇಳುತ್ತಿದ್ದ ಅಷ್ಟೂ ಕಥೆಗಳಲ್ಲಿ ನಾನು ಅವರನ್ನು ಈ ಕೋಣೆಯಲ್ಲೇ ಕಲ್ಪಿಸಿಕೊಂಡಿದ್ದೆ.

"ನಾನು ಅಲ್ಲೇ ಮಲಗ್ತೀನಿ, ಬೆಚ್ಚಗಿರುತ್ತೆ" ಎಂದರು. ನಾನು ಒತ್ತಾಯ ಮಾಡಲಿಲ್ಲ. ಅಡುಗೆಮನೆಯ ಬಾಗಿಲು, ಕಿಟಕಿ ಎರಡೂ ತೆರೆದಿಟ್ಟು, ಒಲೆಯ ಕೆಂಡ ಪೂರ್ತಿ ಆರಿಸಿದ ಮೇಲೆ ಅಲ್ಲೇ ಮಲಗಿದರು. ನಾನೂ ಮಗನೂ ನಮ್ಮ ಹಾಸಿಗೆ ಎತ್ತಿಕೊಂಡು ಅಲ್ಲಿಗೇ ಹೋದೆವು. ಮೇಟಿಯವರೂ ಅಲ್ಲೇ. ಮೊದಲ ರಾತ್ರಿ ಮೋಡವಿತ್ತು. ಎರಡನೇ ರಾತ್ರಿ ಮಗ ಹದಿನೇಳು ಉಲ್ಕೆ ಎಣಿಸಿದ ಮೇಷ್ಟ್ರೇ. ಹದಿನೆಂಟನೆಯದಕ್ಕೆ ಕಾಯುತ್ತಾ ಅಜ್ಜನ ತೊಡೆಯ ಮೇಲೆ ನಿದ್ದೆ ಹೋದ.

ಹೊರಡುವ ದಿನ ಮೇಟಿಯವರು ಬಂದವರ ಪುಸ್ತಕ ತಂದರು. ಅಪ್ಪ ಎಷ್ಟೋ ಸಾಹೇಬರ ಮುಂದೆ ಆ ಪುಸ್ತಕ ಹಿಡಿದು ನಿಂತಿದ್ದವರು. ತಾವು ಅದರಲ್ಲಿ ಒಂದಕ್ಷರ ಬರೆದಿರಲಿಲ್ಲ. ಕನ್ನಡಕ ಹಾಕಿಕೊಂಡು ಹೆಸರು, ಊರು, ತಾರೀಕು ನಿಧಾನವಾಗಿ ಬರೆದರು. ಅಭಿಪ್ರಾಯ ಎಂಬಲ್ಲಿ ಹೀಗೆ ಬರೆದರು: "ಅಡುಗೆಮನೆಯ ಪಡುವಣ ಮಾಡಿನಲ್ಲಿ ಮೂರು ಹೆಂಚು ಒಡೆದಿವೆ. ಮಳೆಗೆ ಮುಂಚೆ ಹಾಕಿಸಬೇಕು."

ಶೆಟ್ಟಿಹಳ್ಳಿ ಕಡೆಯವನು

ಅಕ್ಕ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ನಿಮ್ಮ ತಂದೆಯವರು ಈ ಕಡೆ ಬಂದರೆ ನಮ್ಮ ಮನೆಗೆ ಕರೆತನ್ನಿ.

ಹೆಂಚಿನ ಮನೆ

ಮೇಡಂ, ಹುಡುಗ ಹೆಂಚಿನ ಹೆಸರು ಓದಿದನಾ? ಕಾರ್ಖಾನೆ ಗೊತ್ತಾದರೆ ಅಳತೆ ಗೊತ್ತಾಗುತ್ತದೆ. ಕೆಡವಿದ ಮನೆಗಳಿಂದ ಇಳಿಸಿದ ಹಳೇ ಹೆಂಚು ನನ್ನ ಹತ್ತಿರ ಇವೆ. ಮೂರು ಏನು, ಮೂವತ್ತು ಕೊಡುತ್ತೇನೆ. ಇಲಾಖೆಯವರು ಒಪ್ಪಿದರೆ ಏಪ್ರಿಲ್‌ನಲ್ಲಿ ನಾನೇ ಬಂದು ಹಾಕಿಸುತ್ತೇನೆ.

ತುಂಗೆಯ ಮಗಳು

ಓದಿದ್ದಾನೆ ಸರ್. ಅಕ್ಷರ ಅರ್ಧ ಸವೆದಿತ್ತು. ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಬಂದಿದ್ದಾನೆ. ಅಜ್ಜ ಗೇಣು ಹಾಕಿ ಅಳತೆಯನ್ನೂ ಬರೆಸಿದ್ದಾರೆ. ಸಂಜೆ ಫೋಟೊ ಹಾಕುತ್ತೇನೆ. ಒಪ್ಪಿಗೆಗೆ ಅರ್ಜಿ ಬರೆಯಲು ಅಪ್ಪ ಈಗಲೇ ಕೂತಿದ್ದಾರೆ.